ಗಾಡಿ ಎತ್ತರಿಸಿದರೆ ಕ್ರಾಸ್ ಏಕೆ ಸವೆಯುತ್ತದೆ?

ಮಾರುತಿ ಜಿಪ್ಸಿಯ ಆಕ್ಸಲ್ ಕಾರ್ಖಾನೆಯಿಂದ ಬಂದಾಗ ಲೀಫ್ ಸ್ಪ್ರಿಂಗ್‌ನ ಮೇಲೆ ಕೂತಿರುತ್ತದೆ. ಕಾಡು, ಕೆಸರು, ಬಂಡೆಗೆ ಗಾಡಿ ಇಳಿಸುವ ಉತ್ಸಾಹಿಗಳು ಇದನ್ನು ತಿರುವುಮುರುವು ಮಾಡಿ, ಸ್ಪ್ರಿಂಗನ್ನೇ ಆಕ್ಸಲ್ ಮೇಲೆ ಕೂರಿಸುತ್ತಾರೆ. ಒಂದೇ ಏಟಿಗೆ ಗಾಡಿ ಸುಮಾರು ಐದು ಅಂಗುಲ ಮೇಲೇಳುತ್ತದೆ. ದೊಡ್ಡ ಟೈರ್ ಹಿಡಿಸುತ್ತದೆ, ನೋಡುವುದಕ್ಕೂ ಗತ್ತು. ಆದರೆ ಡಾಂಬರು ರಸ್ತೆಯಲ್ಲಿ ವೇಗ ಹಿಡಿದೊಡನೆ ಸೀಟಿನಡಿ ನಡುಕ ಶುರುವಾಗಬಹುದು.

ಕಾರಣ ಸರಳ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಚಾಸಿಯ ಜೊತೆ ಮೇಲೇರಿವೆ. ಡಿಫರೆನ್ಷಿಯಲ್ ಆಕ್ಸಲ್ ಜೊತೆ ಕೆಳಗೇ ಉಳಿದಿದೆ. ಎರಡನ್ನೂ ಜೋಡಿಸುವ ಶಾಫ್ಟ್ ಈಗ ಇನ್ನಷ್ಟು ಓರೆ. 1,200 ಮಿಲಿಮೀಟರ್ ಉದ್ದದ ಶಾಫ್ಟ್‌ನ ಒಂದು ತುದಿ 100 ಮಿಲಿಮೀಟರ್ ಏರಿದರೆ ಓರೆ ಹೆಚ್ಚುವುದು ಐದು ಡಿಗ್ರಿಗಿಂತ ಕಡಿಮೆ. ಶಾಫ್ಟ್ 600 ಮಿಲಿಮೀಟರ್ ಇದ್ದರೆ ಒಂಬತ್ತೂವರೆ ಡಿಗ್ರಿ! ಗಿಡ್ಡ ಜೀಪುಗಳೇ ಹೆಚ್ಚು ಗೋಳಾಡುವುದು ಇದಕ್ಕೆ.

ಶಾಫ್ಟ್‌ನ ಎರಡು ತುದಿಯಲ್ಲಿರುವ ಕೀಲನ್ನು ಗ್ಯಾರೇಜಿನವರು ‘ಕ್ರಾಸ್’ ಎನ್ನುತ್ತಾರೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲೇ ಇಂಥ ಕೀಲನ್ನು ವಿವರಿಸಿದ್ದ. ಅದಕ್ಕೊಂದು ಚಾಳಿಯಿದೆ: ಓರೆಯಾಗಿ ತಿರುಗುವಾಗ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡಿ, ಎರಡು ಸಲ ಹಿಂದುಳಿಯುತ್ತದೆ. 30 ಡಿಗ್ರಿ ಓರೆಯಲ್ಲಿ ವೇಗ ಶೇ 15ರಷ್ಟು ಏರಿ, ಶೇ 13ರಷ್ಟು ಇಳಿಯುತ್ತದೆ. 10 ಡಿಗ್ರಿಯಲ್ಲಿ ಈ ಏರಿಳಿತ ಶೇ ಒಂದೂವರೆ ಮಾತ್ರ. ಅಷ್ಟೇ ತಾನೆ ಎಂದು ಮೂಗು ಮುರಿಯುವಂತಿಲ್ಲ. ಶಾಫ್ಟ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ಎಳೆದಾಟ ಸೆಕೆಂಡಿಗೆ 100 ಸಲ ನಡೆಯುತ್ತದೆ.

ಮದ್ದು ಇದೆ. ಎರಡೂ ತುದಿಯ ಕೋನ ಸಮವಾಗಿದ್ದು, ಕ್ರಾಸ್ ಹಿಡಿದಿರುವ ಕವಲುಗಳು (ಯೋಕ್) ಒಂದೇ ಸಾಲಿನಲ್ಲಿದ್ದರೆ ಒಂದು ಕ್ರಾಸ್‌ನ ತಪ್ಪನ್ನು ಇನ್ನೊಂದು ಸರಿಪಡಿಸುತ್ತದೆ. ಅದಕ್ಕೇ ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಓರೆ ಬಿಲ್ಲೆ ಕೊಟ್ಟು ಡಿಫರೆನ್ಷಿಯಲ್‌ನ ಮೂತಿ ತಿರುಗಿಸುವುದು. ಟ್ರಾನ್ಸ್‌ಫರ್ ಕೇಸ್ ಕಡೆಗೆ ಜೋಡಿ ಕ್ರಾಸ್ ಇರುವ ಶಾಫ್ಟ್ ಹಾಕಿಸಿದರೆ ಲೆಕ್ಕವೇ ಬೇರೆ. ಆಗ ಡಿಫರೆನ್ಷಿಯಲ್‌ನ ಮೂತಿ ಹೆಚ್ಚುಕಡಿಮೆ ಶಾಫ್ಟ್‌ನ ನೇರಕ್ಕೇ ಇರಬೇಕು. ಈ ದುಬಾರಿ ಶಾಫ್ಟ್ ಹಾಕಿಸಿ ಮೂತಿ ತಿರುಗಿಸದೇ ಬಿಟ್ಟರೆ ದುಡ್ಡು ಖರ್ಚಾದರೂ ನಡುಕ ಹೋಗದು.

ನಡುಕ ನಿಂತಿತು ಅಂದರೆ ಸವೆತವೂ ನಿಂತಿತು ಎಂದಲ್ಲ. ಕ್ರಾಸ್‌ನ ನಾಲ್ಕೂ ತುದಿಗಿರುವ ಟೋಪಿಯೊಳಗೆ ಸೂಜಿಯಂಥ ಬೇರಿಂಗ್‌ಗಳಿವೆ. ಅವು ಪೂರ್ತಿ ಉರುಳುವುದಿಲ್ಲ. ಪ್ರತಿ ಸುತ್ತಿಗೂ ಓರೆಯ ಅಳತೆಯಷ್ಟೇ ಹಿಂದೆಮುಂದೆ ತೂಗುತ್ತವೆ. ಓರೆ ಹೆಚ್ಚಿದಷ್ಟೂ ತೂಗಾಟ ಹೆಚ್ಚು, ಬಿಸಿ ಹೆಚ್ಚು, ಆಯಸ್ಸು ಕಡಿಮೆ. ವಿಚಿತ್ರವೆಂದರೆ ಸೊನ್ನೆ ಡಿಗ್ರಿಯೂ ಒಳ್ಳೆಯದಲ್ಲ. ಸೂಜಿಗಳು ಕದಲದೆ ಒಂದೇ ಕಡೆ ಒತ್ತುತ್ತಾ ಉಕ್ಕಿನಲ್ಲಿ ಗೀರು ಕೊರೆಯುತ್ತವೆ. ಅರ್ಧದಿಂದ ಒಂದು ಡಿಗ್ರಿಯಾದರೂ ಓರೆ ಇರಲಿ ಎನ್ನುವುದು ಅದಕ್ಕೇ.

ಕೆಟ್ಟ ಕ್ರಾಸ್ ಬಿಚ್ಚಿದರೆ ಟೋಪಿಯ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ, ಒಳಗೆ ಬೆರಳಿಗೆ ತಗಲುವ ಸಾಲು ಗೆರೆಗಳು. ಅದಕ್ಕೂ ಮೊದಲೇ ಸೂಚನೆ ಸಿಕ್ಕಿರುತ್ತದೆ: ನಿಧಾನ ಹೋಗುವಾಗ ಕಿಚಕಿಚ, ರಿವರ್ಸ್‌ನಿಂದ ಫಸ್ಟ್ ಗೇರಿಗೆ ಬಂದಾಗ ‘ಟಕ್’. ಹೊಳೆ ದಾಟಿ ಬಂದ ಗಾಡಿಗೆ ಗ್ರೀಸ್ ಹೊಡೆಯದಿದ್ದರೆ ಇದು ಇನ್ನೂ ಬೇಗ ಬರುತ್ತದೆ.

ಗಾಡಿ ಎತ್ತರಿಸುವವರು ಅಂಗುಲದ ಜೊತೆಗೆ ಡಿಗ್ರಿಯನ್ನೂ ಕೇಳಬೇಕು. ಸಮತಟ್ಟು ನೆಲದಲ್ಲಿ, ಗಾಡಿಯ ಭಾರ ನಾಲ್ಕೂ ಚಕ್ರದ ಮೇಲಿರುವಾಗ, ಟ್ರಾನ್ಸ್‌ಫರ್ ಕೇಸ್, ಶಾಫ್ಟ್, ಡಿಫರೆನ್ಷಿಯಲ್ ಮೂರರ ಓರೆಯನ್ನೂ ಅಳೆಸಿಕೊಳ್ಳಿ. ಜಾಕ್ ಮೇಲೆ ಚಕ್ರ ಜೋತುಬಿದ್ದ ಗಾಡಿಯಲ್ಲಿ ತೆಗೆದ ಅಳತೆ ಉಪಯೋಗಕ್ಕೆ ಬರುವುದಿಲ್ಲ.