ಪ್ಲೇಗು, ಪ್ರತ್ಯೇಕವಾಸ ಮತ್ತು ಜನಮನ

ಸಾಂಕ್ರಾಮಿಕ ರೋಗಗಳ ಕಾಯಿದೆ 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಪುಣೆಯ ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡ್ ಮನೆಗಳ ಶೋಧನೆಗೆ ಸೈನಿಕರನ್ನು ನಿಯೋಜಿಸಿದನು. ಅವರು ದೇವರಮನೆ, ಅಡುಗೆಮನೆಗಳನ್ನೂ ಹೊಕ್ಕು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಒಯ್ದರು. ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡನಿಗೆ ಗುಂಡಿಕ್ಕಿದರು.

ಈ ಪ್ರತಿರೋಧವನ್ನು ಬರಿಯ ಮೌಢ್ಯವೆಂದು ಬೋಧಿಸುವುದು ಉಚಿತವಲ್ಲ. ಇಲಿ ಬಿದ್ದರೆ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ರೂಢಿ ಕನ್ನಡದ ಹಳ್ಳಿಗಳಲ್ಲಿಯೂ ಇದ್ದಿತು. ಅಗಲಿ ಬಾಳುವುದು ಜನರಿಗೆ ಒಗ್ಗಿತ್ತು, ಎಳೆದೊಯ್ಯುವುದು ಒಗ್ಗಲಿಲ್ಲ. ಅದೇ ಪುಣೆಯಲ್ಲಿ ಮಗ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಕರೆತಂದು ಉಪಚರಿಸುತ್ತಿದ್ದ ಸಾವಿತ್ರಿಬಾಯಿ ಫುಲೆ ಮಾರ್ಚ್ 10ರಂದು ಪ್ಲೇಗಿಗೇ ಬಲಿಯಾಗಿದ್ದರು.

ಸೊಲ್ಲಾಪುರ, ಅಕ್ಕಲಕೋಟೆಗಳ ಮಕ್ಕಳು ಹಿರಿಯರಿಂದ ಊರು ಬಿಟ್ಟ ಕಥೆಗಳನ್ನು ಕೇಳಿ ಬರೆದು ತರಲಿ. 2020ರ ತಮ್ಮ ಮನೆಯ ಅನುಭವವನ್ನು ಅದರ ಪಕ್ಕದಲ್ಲಿ ಬರೆಯಲಿ.