ನಾಲ್ಕು ಡಿಸ್ಕಿನಲ್ಲಿ ಇಡೀ ರಾತ್ರಿಯ ಆಟ

ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ ‘ದೇವಿ ಮಹಾತ್ಮೆ’ ಯಕ್ಷಗಾನ ನಾಲ್ಕು ಡಿವಿಡಿಗಳಾಗಿ ಸಿದ್ಧವಾಗುವುದನ್ನು ಕಳೆದ ತಿಂಗಳು ಕಣ್ಣಾರೆ ಕಂಡೆ. ಆ ಗುಂಗು ಇನ್ನೂ ಇಳಿದಿಲ್ಲ. ಮಾಡುವವರು ಕಾರ್ಕಳ ಕಡೆಯ ಹಿರಿಯರು, ಬ್ಯಾಂಕಿನಿಂದ ನಿವೃತ್ತರು, ಹೆಸರು ಹಾಕುವುದು ಬೇಡ ಎಂದವರು. ಊರಿನಲ್ಲಿ ಅವರ ಮನೆಯವರು ಕಟೀಲು ಮೇಳದಿಂದ ಆಡಿಸಿದ ಹರಕೆಯ ಆಟವದು. ಹಿಂದೆ ವಿಡಿಯೋದವರು ಡಿಸ್ಕನ್ನೇ ಕೈಗೆ ಕೊಡುತ್ತಿದ್ದರು. ಈಗ ವಾಟ್ಸ್ಆ್ಯಪ್‌ಗೆ ಒಂದು ಲಿಂಕ್ ಬರುತ್ತದೆ. ಮಕ್ಕಳು ಅದನ್ನು ಮೊಬೈಲಿಗೆ ಇಳಿಸಿಕೊಂಡು ತಮ್ಮ ಮುಖ ಬಂದ ಕಡೆ ನೋಡಿ ಬಿಟ್ಟುಬಿಡುತ್ತಾರೆ. ಎಂಟು ಗಂಟೆ ಕುಳಿತು ನಿಜವಾಗಿ ಆಟ ನೋಡುವವರು ಮುಲುಂಡಿನಲ್ಲಿರುವ ಸೋದರತ್ತೆ. ಅವರಿಗೆ ಗೊತ್ತಿರುವುದು ಟಿವಿಯ ಕೆಳಗಿನ ಡಿವಿಡಿ ಪ್ಲೇಯರ್ ಮತ್ತು ಅದರ ರಿಮೋಟು.

“ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿ ಏನು ಪ್ರಯೋಜನ ಮಾರಾಯ್ರೆ? ಅತ್ತೆಯ ಪ್ಲೇಯರು ಒಪ್ಪಬೇಕು” ಎಂದರು.

ಆ ಪ್ಲೇಯರನ್ನು ಒಪ್ಪಿಸುವುದು ಸುಲಭವಲ್ಲ. ಇಳಿಸಿಕೊಂಡ ಎಂಪಿ4 ಫೈಲನ್ನು ಹಾಗೆಯೇ ಡಿಸ್ಕಿಗೆ ಬರೆದರೆ ಹೆಚ್ಚಿನ ಹಳೆಯ ಪ್ಲೇಯರುಗಳು ಅದನ್ನು ಓದುವುದೇ ಇಲ್ಲ. ಚಿತ್ರ ಎಂಪೆಗ್-2 ಆಗಬೇಕು. ನಮ್ಮ ಟಿವಿಗಳ ಪಾಲ್ ಪದ್ಧತಿಗೆ 720×576 ಅಳತೆ, ಸೆಕೆಂಡಿಗೆ 25 ಚೌಕಟ್ಟು, ಧ್ವನಿ 48 ಕಿಲೋಹರ್ಟ್ಸ್. ಇವೆಲ್ಲ ವಿಡಿಯೋ_ಟಿಎಸ್ ಎಂಬ ಫೋಲ್ಡರಿನೊಳಗೆ ಒಂದೊಂದೂ ಒಂದು ಜಿಬಿಗಿಂತ ಚಿಕ್ಕದಾದ ವಿಓಬಿ ಫೈಲುಗಳಾಗಿ ಕೂರಬೇಕು. ಪಕ್ಕದಲ್ಲಿ ಆಡಿಯೋ_ಟಿಎಸ್ ಎಂಬ ಖಾಲಿ ಫೋಲ್ಡರ್ ಕೂಡ ಇಡುತ್ತಾರೆ. ಅದಿಲ್ಲದಿದ್ದರೆ ಕೆಲವು ಹಳೆಯ ಯಂತ್ರಗಳು ತಕರಾರು ಮಾಡುತ್ತವೆ.

ಡಿವಿಡಿ ಪ್ಲೇಯರು ಜಪಾನಿನ ಅಂಗಡಿಗಳಿಗೆ ಬಂದದ್ದು 1996ರ ನವೆಂಬರಿನಲ್ಲಿ. ಮುಂಬಯಿಯ ಮನೆಗಳಲ್ಲಿ ಅದು ನೆಲೆಯೂರುವ ಮುಂಚೆ ವಿಸಿಡಿಯ ಕಾಲವೊಂದಿತ್ತು. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ಡಿಸ್ಕುಗಳನ್ನು ತೀರ ಅಗ್ಗದಲ್ಲಿ ಮಾರಲು ಹೊರಟ ಮೇಲೆ ಪ್ಲೇಯರು ಚಾಳಿನ ಮನೆಗೂ ಬಂತು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಖಾಲಿ ಡಿಸ್ಕುಗಳು 50ರ ಡಬ್ಬಗಳಲ್ಲಿ ಮಾರಾಟವಾದವು. 2018ರಲ್ಲಿ ಆ ಕಂಪನಿಯನ್ನೇ ಮುಚ್ಚಲು ಆದೇಶವಾಯಿತು. ಲ್ಯಾಪ್‌ಟಾಪುಗಳಿಂದ ಡಿಸ್ಕ್ ಡ್ರೈವ್ ಮಾಯವಾಗಿ ವರ್ಷಗಳಾದವು. ಈ ಹಿರಿಯರೂ ಯುಎಸ್‌ಬಿಗೆ ಸಿಕ್ಕಿಸುವ ರೈಟರನ್ನೇ ಬಳಸುತ್ತಾರೆ.

ನನ್ನನ್ನು ಹಿಡಿದು ಕೂರಿಸಿದ್ದು ಮಹಿಷಾಸುರ. ಅದೇಕೆಂದು ತಿಳಿಯಲು ಮೊದಲು ಸ್ವಲ್ಪ ಲೆಕ್ಕ ಬೇಕು. ಡಿವಿಡಿಯ ಒಂದು ಪದರದಲ್ಲಿ ಹಿಡಿಯುವುದು 4.7 ಜಿಬಿ, ಕಂಪ್ಯೂಟರಿನ ಲೆಕ್ಕದಲ್ಲಿ 4.38. ಅದನ್ನು ಎರಡು ಗಂಟೆಗೆ ಹಂಚಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಸಿನಿಮಾಕ್ಕೆ ಇದು ಬೇಕಾದಷ್ಟಾಯಿತು. ಆದರೆ ಎಂಪೆಗ್-2 ಪ್ರತಿ ಚೌಕಟ್ಟನ್ನೂ ಪೂರ್ತಿ ಬರೆಯುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ದಾಖಲಿಸುತ್ತ ಹೋಗುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಕುಳಿತಲ್ಲೇ ಮಾತಾಡುತ್ತಾನೆ. ಬದಲಾಗುವುದು ತುಟಿ, ಕೈ, ಆಗೊಮ್ಮೆ ಹುಬ್ಬು. ಹಾಗಾಗಿ ಅಗಲವನ್ನು 352ಕ್ಕೆ ಇಳಿಸಿ ನಾಲ್ಕು ಗಂಟೆಯ ಕೂಟವನ್ನು ಒಂದೇ ಡಿಸ್ಕಿಗೆ ತುಂಬಿದರೂ ಕಣ್ಣಿಗೆ ಅಷ್ಟೇನೂ ಕೊರತೆ ಕಾಣದು. ತೆಂಕುತಿಟ್ಟಿನ ಧೀಂಗಿಣ ಬೇರೆ ಮಾತು. ವೇಷ ಗಿರಗಿರನೆ ತಿರುಗುವಾಗ ಪರದೆಯ ತುಂಬ ಎಲ್ಲವೂ ಬದಲಾಗುತ್ತದೆ, ಬಿಟ್ಟುಗಳು ಸಾಲುವುದಿಲ್ಲ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಎಲ್ಲಕ್ಕಿಂತ ಕಠಿಣ ಮಹಿಷನ ಪ್ರವೇಶ. ಕತ್ತಲಲ್ಲಿ, ಜನರ ನಡುವಿನಿಂದ, ಎರಡೂ ಕಡೆ ದೊಂದಿ ಹಿಡಿಸಿಕೊಂಡು ಆತ ಬರುತ್ತಾನೆ. ರಾಳದ ಪುಡಿ ಎಸೆದಾಗಲೆಲ್ಲ ಬೆಂಕಿ ಭಗ್ಗೆನ್ನುತ್ತದೆ. ಕಪ್ಪಿದ್ದ ಪರದೆ ಕ್ಷಣದಲ್ಲಿ ಕೆಂಪಾಗಿ ಮತ್ತೆ ಕಪ್ಪಾಗುತ್ತದೆ. ಜೊತೆಗೆ ಹೊಗೆ, ಎದ್ದು ನಿಂತ ಜನ, ಅಲುಗಾಡುವ ಕ್ಯಾಮೆರಾ. ಹಿರಿಯರು ಮೊದಲು ಎಲ್ಲ ದೃಶ್ಯಗಳಿಗೂ ಬಿಟ್ಟುಗಳನ್ನು ಸಮನಾಗಿ ಹಂಚಿ ಮಾಡಿದ್ದ ಒಂದು ಡಿಸ್ಕನ್ನು ಹಾಕಿ ತೋರಿಸಿದರು. ಮಹಿಷನ ಕೋಡು ಹೊಗೆಯೊಳಗೆ ಕರಗಿ, ಅವನ ಮುಖವರ್ಣಿಕೆಯೆಲ್ಲ ಕಲಸಿಹೋಗಿತ್ತು. ಇಡೀ ಊರು ಕಾದು ಕುಳಿತ ಗಳಿಗೆಯೇ ಹಾಳು!

ಪರಿಹಾರ ಎರಡು ಸುತ್ತಿನ ಕೆಲಸ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಮೊದಲ ಸುತ್ತಿನಲ್ಲಿ ಇಡೀ ಆಟವನ್ನು ಸುಮ್ಮನೆ ಓದಿ, ಎಲ್ಲಿ ಚಲನೆ ಹೆಚ್ಚು ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ದೇವೇಂದ್ರನ ಒಡ್ಡೋಲಗದ ಮಾತುಕತೆಯಿಂದ ಬಿಟ್ಟುಗಳನ್ನು ಉಳಿಸಿ ಮಹಿಷನಿಗೆ ಸುರಿಯುತ್ತದೆ. ನಿಯಮದ ಪ್ರಕಾರ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್ಟಿನವರೆಗೂ ಹೋಗಬಹುದು. ಮನೆಯಲ್ಲಿ ಬರೆದ ಡಿಸ್ಕು ಹಳೆಯ ಪ್ಲೇಯರಿನಲ್ಲಿ ಅಷ್ಟು ವೇಗಕ್ಕೆ ತಡವರಿಸುತ್ತದೆಂದು ಇವರು 8ಕ್ಕೇ ನಿಲ್ಲಿಸುತ್ತಾರೆ. ಹೊಸ ಡಿಸ್ಕು ಹಾಕಿದರು. ಕೋಡಿನ ತುದಿ ಕಂಡಿತು, ದೊಂದಿ ಹಿಡಿದ ಹುಡುಗನ ಬೆವರೂ ಕಂಡಿತು. ನಾನು ಅದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದೆ.

ಮೆನು ಮಾಡುವುದು ಡಿವಿಡಿಸ್ಟೈಲರಿನಲ್ಲಿ, ಅದೂ ಉಚಿತ. ಕನ್ನಡದ ಅಕ್ಷರಗಳನ್ನು ಮೊದಲೇ ಚಿತ್ರವಾಗಿ ಮಾಡಿಟ್ಟುಕೊಂಡು ಹಿನ್ನೆಲೆಗೆ ಹಾಕುತ್ತಾರೆ. ಮಧು ಕೈಟಭ, ಮಹಿಷಾಸುರ, ಚಂಡ ಮುಂಡ, ರಕ್ತಬೀಜ ಹೀಗೆ ಒಂದೊಂದು ಪ್ರವೇಶಕ್ಕೂ ಒಂದು ಅಧ್ಯಾಯ. ಅತ್ತೆ ರಿಮೋಟಿನ ಮುಂದಿನ ಗುಂಡಿ ಒತ್ತಿದರೆ ಮುಂದಿನ ವೇಷ ಬರುತ್ತದೆ. ಯೂಟ್ಯೂಬಿನ ಪಟ್ಟಿಯನ್ನು ಬೆರಳಿನಿಂದ ಎಳೆದು ರಕ್ತಬೀಜನನ್ನು ಹುಡುಕಿದವರಿಗೆ ಈ ಸುಖ ಏನೆಂದು ಗೊತ್ತಾದೀತು.

ಬರೆಯುವಾಗ 16ರ ವೇಗ ಬೇಡ, 4 ಅಥವಾ 8 ಸಾಕು ಎನ್ನುವುದು ಅವರ ಅನುಭವ. ಡಿಸ್ಕನ್ನು ಫೈನಲೈಸ್ ಮಾಡದಿದ್ದರೆ ಹೆಚ್ಚಿನ ಪ್ಲೇಯರುಗಳು ಅದನ್ನು ಗುರುತಿಸುವುದಿಲ್ಲ. ಮೊಬೈಲಿನಲ್ಲಿ ತೆಗೆದ ತುಣುಕಾದರೆ ಸೆಕೆಂಡಿಗೆ 30 ಚೌಕಟ್ಟು ಇರುತ್ತದೆ. 25ಕ್ಕೆ ಇಳಿಸಿದರೆ ಕುಣಿತ ಕುಪ್ಪಳಿಸಿದಂತೆ ಕಾಣುತ್ತದೆ. ಇಲ್ಲಿ ಮಾರಾಟವಾದ ಬಹುಪಾಲು ಪ್ಲೇಯರುಗಳು ಆ 30ಕ್ಕೆ ಹೊಂದುವ ಎನ್‌ಟಿಎಸ್‌ಸಿ ಪದ್ಧತಿಯನ್ನೂ ಓದುವುದರಿಂದ ಅಂಥದ್ದನ್ನು ಆ ಪದ್ಧತಿಯಲ್ಲೇ ಮಾಡುವುದು ಮೇಲು.

ಯಾರದೋ ಚಾನೆಲ್ಲಿನ ವಿಡಿಯೋ ಇಳಿಸಿ, ಡಿಸ್ಕು ಮಾಡಿ ಮಾರುವುದಕ್ಕೆ ಇವರು ಕೈ ಹಾಕುವುದಿಲ್ಲ. ಅದು ಕಲಾವಿದರ ಅನ್ನಕ್ಕೆ ಕೈ ಹಾಕಿದಂತೆ ಎನ್ನುತ್ತಾರೆ. ನನ್ನ ಮಾತೂ ಅದೇ. ತಮ್ಮ ಮನೆಯ ಆಟ, ತಮ್ಮವರಿಗಾಗಿ. ಒಂದು ಸೆಟ್ಟು ಮುಲುಂಡಿಗೆ, ಇನ್ನೊಂದು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರ ಕೈಯಲ್ಲಿ.

ಡಿಸ್ಕು ಶಾಶ್ವತ ಎಂದು ಮಾತ್ರ ನಾನು ಹೇಳಲಾರೆ. ಬರೆಯುವ ಡಿವಿಡಿಯಲ್ಲಿರುವುದು ಬಣ್ಣದ ಪದರ. ಬಿಸಿಲಿಗೆ, ಮುಂಬಯಿಯ ಮಳೆಗಾಲದ ತೇವಕ್ಕೆ ಅದು ಕೆಡುತ್ತದೆ. ಇಳಿಸಿಕೊಂಡ ಫೈಲು 1080ರದ್ದಾಗಿದ್ದರೆ ಡಿವಿಡಿಗೆ ಬರುವಾಗ ಅದರ ವಿವರಗಳ ದೊಡ್ಡ ಪಾಲು ಹೋಗಿರುತ್ತದೆ, ಮತ್ತೆ ಬಾರದು. ನಿಮ್ಮ ಮನೆಯಲ್ಲೂ ಹಳೆಯ ಪ್ಲೇಯರಿದ್ದು ಅದನ್ನು ನೋಡುವ ಹಿರಿಯರಿದ್ದರೆ ಖಂಡಿತ ಒಂದು ಸೆಟ್ಟು ಮಾಡಿಕೊಡಿ. ಆದರೆ ಡಿವಿಡಿ ಆಯಿತಲ್ಲ ಎಂದು ಮೂಲ ಫೈಲನ್ನು ಅಳಿಸಬೇಡಿ. ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಇಡಿ.