ನೀರಿನೊಳಗಿನ ಮರಳು ಗಡಿಯಾರ

ಜೋಳದ ಡಬ್ಬಿ ಹಿಡಿದು ಹಿಟ್ಟಿನ ಗಿರಣಿಗೆ ಹೋದ ಮಕ್ಕಳೆಲ್ಲ ಇದನ್ನು ನೋಡಿಯೇ ಇರುತ್ತಾರೆ. ಯಂತ್ರದ ತಲೆಯ ಮೇಲೆ ತಗಡಿನ ಹಾಪರ್. ಬಾಯಿ ಅಗಲ, ಬುಡ ಕಿರಿದು. ಸುರಿದ ಕಾಳು ತಾನಾಗಿ ಕೆಳಗಿಳಿಯುತ್ತದೆ. ಒಮ್ಮೊಮ್ಮೆ ನಿಂತುಬಿಡುತ್ತದೆ. ಗಿರಣಿಯವರು ತಗಡಿಗೆ ಅಂಗೈಯಿಂದ ಎರಡು ಏಟು ಹಾಕಿದರೆ ಮತ್ತೆ ಶುರು. ತೂತಿನ ಮೇಲೆ ಕಾಳುಗಳು ಒಂದಕ್ಕೊಂದು ಒರಗಿ ಕಮಾನು ಕಟ್ಟಿರುತ್ತವೆ. ಏಟು ಬಿದ್ದೊಡನೆ ಆ ಕಮಾನು ಕುಸಿಯುತ್ತದೆ.

ದ್ರವದ ಒತ್ತಡದ ಪಾಠ ಮಾಡುವಾಗ ನಾನು ಪ್ರತಿವರ್ಷ ಈ ಹಾಪರನ್ನು ನೆನಪಿಸುತ್ತೇನೆ. ಟಾಕಿಯ ನೀರು ಕಡಿಮೆಯಾದಂತೆ ನಲ್ಲಿಯ ರಭಸ ಇಳಿಯುತ್ತದೆ. ಕಾಳು ಹಾಗಲ್ಲ. ಹಾಪರ್ ತುಂಬಿರಲಿ, ಅರ್ಧವಿರಲಿ, ಒಂದೇ ವೇಗ. ಕಾಳಿನ ಭಾರದ ಬಹುಪಾಲನ್ನು ಗೋಡೆಗಳೇ ಘರ್ಷಣೆಯಿಂದ ಹೊರುತ್ತವೆಂದು ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲಿಯೇ ತೋರಿಸಿದ್ದ. ಹರಿವನ್ನು ನಿರ್ಧರಿಸುವುದು ತೂತು ಮತ್ತು ಅದರ ಪಕ್ಕದ ಕಾಳುಗಳು ಮಾತ್ರ. ತೂತಿನ ಅಗಲ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗೂ ಮೀರುತ್ತದೆ. ಈ ಸೂತ್ರವನ್ನು 1961ರಲ್ಲಿ ಕೊಟ್ಟವರು ಹಾಲೆಂಡಿನ ಬೆವರ್ಲೂ ಮತ್ತು ಸಂಗಡಿಗರು. ಮರಳು ಗಡಿಯಾರ ಸಮಯ ತೋರಿಸುವುದು ಇದೇ ಗುಣದಿಂದ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಅದನ್ನ ನೀರಾಗ ಮುಳುಗಿಸಿ ಮಾಡಿದ್ರ ಏನಾಗ್ತೈತ್ರಿ?"

"ಏನಾಗ್ತೈತವಾ, ಸಾವಕಾಶ ಬೀಳ್ತೈತಿ, ಅಷ್ಟ," ಎಂದೆ. ಮಾಡಿ ನೋಡಿರಲಿಲ್ಲ. ಗಂಟೆ ಹೊಡೆಯಲು ಐದು ನಿಮಿಷವಿತ್ತು, ಪಾಠ ಮುಗಿಸಬೇಕಿತ್ತು. ನಮ್ಮ ಅನೇಕ ಉತ್ತರಗಳು ಹೀಗೆಯೇ ಹುಟ್ಟುತ್ತವೆ.

ಮುಂದಿನ ಸೋಮವಾರ ಅವಳು ನೋಟ್‌ಬುಕ್ ತಂದಳು. ನೇರ ಗೋಡೆಯ ಪ್ಲಾಸ್ಟಿಕ್ ಬರಣಿಯ ತಳಕ್ಕೆ ಪೆನ್ಸಿಲ್ ತೂರುವಷ್ಟು ತೂತು. ಹೊರಗೆ ಸಮ ಅಂತರದ ಗೆರೆಗಳು. ಒಳಗೆ ತೊಳೆದು ಸೋಸಿದ ಮರಳು. ಎಲ್ಲವೂ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿತ್ತು. ಗಡಿಯಾರ ಹಿಡಿದವನು ತಮ್ಮ. "ಸಾವಕಾಶ ಬೀಳೂದು ಖರೇರಿ ಸರ. ಆದ್ರ ಕೊನಿಗೆ ಬರ್ತಾ ಬರ್ತಾ ಜೋರಾಗ್ತೈತ್ರಿ."

ತಪ್ಪು ಅಳೆದಿರಬೇಕು ಎಂದುಕೊಂಡೆ. ಪ್ರಯೋಗಾಲಯದಲ್ಲಿ ಇಬ್ಬರೂ ಕೂಡಿ ಮೂರು ಸಲ ಮಾಡಿದೆವು. ಒಮ್ಮೆ ಗಾಳಿಯ ಗುಳ್ಳೆ ಸಿಕ್ಕಿ ಕೆಟ್ಟಿತು. ಉಳಿದೆರಡು ಸಲವೂ ಅವಳದೇ ಸರಿ.

ಆಮೇಲೆ ಹುಡುಕಿದಾಗ ತಿಳಿಯಿತು: ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡ್ಯೂರಿಯನ್ ಮತ್ತು ಸಂಗಡಿಗರು ಇದನ್ನೇ ಗಾಜಿನ ಮಣಿಗಳಿಂದ ಅಳೆದು 2014ರಲ್ಲಿ ಪ್ರಕಟಿಸಿದ್ದರು. ಬರಿದಾಗುತ್ತ ಬಂದಂತೆ ಹರಿವು ಶೇಕಡಾ 25ರವರೆಗೆ ಹೆಚ್ಚಿತ್ತು. ಅವರಿಗೂ ಅದು ಅಚ್ಚರಿಯೇ. 2017ರಲ್ಲಿ ಕೊಯ್ವಿಸ್ಟೊ ಮತ್ತು ಡ್ಯೂರಿಯನ್ ಕಾರಣ ಹೇಳಿದರು. ಬೀಳುವ ಕಣಗಳು ತಮ್ಮೊಡನೆ ನೀರನ್ನೂ ಕೆಳಗೆ ಎಳೆಯುತ್ತವೆ. ಅಂದರೆ ಮರಳೇ ಪಂಪಿನಂತೆ ಕೆಲಸ ಮಾಡುತ್ತದೆ. ಆ ನೀರು ಮೇಲಿನ ರಾಶಿಯ ಸಂದುಗಳಲ್ಲಿ ನುಸುಳಿ ಬರಬೇಕು. ರಾಶಿ ಎತ್ತರವಿದ್ದಾಗ ಅದಕ್ಕೆ ಅಡ್ಡಿ ಹೆಚ್ಚು. ರಾಶಿ ತಗ್ಗಿದಂತೆ ನೀರಿಗೆ ದಾರಿ ಸಲೀಸು, ಕಣಗಳೂ ಬೇಗ ಹೊರಬೀಳುತ್ತವೆ.

ಕಣಗಳ ಹರಿವಿನ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೇಶವ ರಾವ್ ಮತ್ತು ಪ್ರಭು ನೋಟ್ 2008ರಲ್ಲಿ ಇಡೀ ಗ್ರಂಥವನ್ನೇ ಬರೆದಿದ್ದಾರೆ. ಗಣಿತ ಕಠಿಣ, ಕಾಲೇಜು ಮುಟ್ಟಿದ ಮೇಲೆ ತೆರೆಯಿರಿ. ಬರಣಿಯ ಪ್ರಯೋಗಕ್ಕೆ ಅಷ್ಟು ಕಾಯಬೇಕಿಲ್ಲ. ಮರಳನ್ನು ನೀರಿನೊಳಗೇ ತುಂಬಿ, ಅಲುಗಿಸಿ ಗುಳ್ಳೆ ತೆಗೆಯಿರಿ. ತೂತು ಕೊರೆಯುವ ಕೆಲಸ ಮಾತ್ರ ಅಪ್ಪನಿಗೆ ಬಿಡಿ.

ಹುಡುಗಿಯ ಮುಂದಿನ ಪ್ರಶ್ನೆ, "ಸರ, ಎಣ್ಣ್ಯಾಗ ಮಾಡಿದ್ರ?" ಈ ಸಲ ನಾನು ಉತ್ತರ ಹೇಳಲಿಲ್ಲ. ಅವಳ ತಾಯಿ ಇನ್ನೂ ಎಣ್ಣೆಯ ಡಬ್ಬಿ ಕೊಟ್ಟಿಲ್ಲ.